ತೌಡಿಗೆ ಕೊಂಡ ಮಗು

ಮಳವಳ್ಳಿ ಪೇಟೆ ಮುಗಿದು ಮದ್ದೂರು ರಸ್ತೆ ಶುರುವಾಗುವ ಕಡೆ ಒಂದು ಹೆಂಚಿನ ಮನೆ, ಸುತ್ತ ಕಳ್ಳಿಬೇಲಿ, ಮುಂದೊಂದು ಮರದ ಗೇಟು. ಮೂವರು ಕ್ರೈಸ್ತ ಸನ್ಯಾಸಿನಿಯರು ಅಲ್ಲಿದ್ದರು. ಜನ ಅದನ್ನು ಮದರ ಮನೆ ಎನ್ನುತ್ತಿದ್ದರು. ಊರಿನಲ್ಲಿ ಕ್ರೈಸ್ತರೆಂದರೆ ಬೆರಳಲ್ಲಿ ಎಣಿಸುವಷ್ಟು ಮಂದಿ. ಆದರೂ ಗುರುವಾರ ಬೆಳಗಾದರೆ ಗೇಟಿನ ಮುಂದೆ ಜಾತ್ರೆಯಂತೆ ಜನ. ಚಳಿಜ್ವರಕ್ಕೆ ಕ್ವಿನೈನು, ಬಾಣಂತಿಗೆ ಹಾಲಿನ ಪುಡಿ, ಗಂಡ ಸತ್ತವಳಿಗೆ ಒಂದು ಸೀರೆ, ದಿಕ್ಕಿಲ್ಲದ ಮುದುಕರಿಗೆ ಎರಡು ಹೊತ್ತು ಗಂಜಿ. ಮದರ ಮನೆಯನ್ನು ಬೈಯುವವರೂ ಅಲ್ಲಿಗೇ ಬರುತ್ತಿದ್ದರು. ಬುಧವಾರ ಬೈದು ಗುರುವಾರ ಸಾಲಿನಲ್ಲಿ ನಿಲ್ಲುವುದಕ್ಕೆ ಯಾರಿಗೂ ನಾಚಿಕೆಯಿರಲಿಲ್ಲ. ಹೊಟ್ಟೆಗೆ, ಜ್ವರಕ್ಕೆ ಎಲ್ಲಿಯ ನಾಚಿಕೆ?

ಆ ಸಾಲನ್ನು ಗದರಿಸಿ ನೆಟ್ಟಗೆ ನಿಲ್ಲಿಸುತ್ತಿದ್ದವಳು ಬೆಳ್ಳಮ್ಮ. ಗೇಟು ತೆಗೆಯುವವಳು ಅವಳೇ, ಗಂಜಿ ಕಾಯಿಸುವವಳು ಅವಳೇ, ಕ್ವಿನೈನು ಕಹಿಯೆಂದು ಉಗುಳಲು ಹೋದವರ ಬಾಯಿ ಒತ್ತಿ ಹಿಡಿಯುವವಳೂ ಅವಳೇ. ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಮದರು ಸಮುದ್ರದಾಚೆಯಿಂದ ಬಂದ ಮುದುಕಿ, ಪುಸ್ತಕ ನೋಡಿ ಕನ್ನಡ ಕಲಿತವರು. ಅವರು ಆಡಿದ್ದು ಹಳ್ಳಿಯವರಿಗೆ ತಿಳಿಯದು, ಹಳ್ಳಿಯವರು ಆಡಿದ್ದು ಅವರಿಗೆ ತಿಳಿಯದು. ನಡುವೆ ನಿಂತು ಅತ್ತ ಕಡೆಯ ಮಾತನ್ನು ಇತ್ತ, ಇತ್ತ ಕಡೆಯದನ್ನು ಅತ್ತ ದಾಟಿಸುತ್ತಿದ್ದವಳು ಬೆಳ್ಳಮ್ಮ.

ಅವಳು ಆತಗೂರು ಕಡೆಯ ಒಕ್ಕಲು ಮನೆಯ ಹೆಣ್ಣು. ನಾಲೆ ನೀರು ಬಂದ ವರ್ಷ ಗಂಡನ ಊರಿನಲ್ಲಿ ವಾಲಗ ಊದಿಸಿ ಗಂಗೆಪೂಜೆ ಮಾಡಿದರು. ನೀರಿನ ಹಿಂದೆಯೇ ಗದ್ದೆ ಬಂತು, ಗದ್ದೆಯ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ಮೂರನೆಯ ಬೆಳೆ ಕೊಯ್ಯುವ ಹೊತ್ತಿಗೆ ಅವಳ ಗಂಡ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಮೈದುನ ಹೊಲವನ್ನು ಇಟ್ಟುಕೊಂಡು ಅತ್ತಿಗೆಯನ್ನು ಹೊರಗಿಟ್ಟ. ನಡುಗುತ್ತಾ ಬಂದು ಮದರ ಮನೆಯ ಜಗುಲಿಯಲ್ಲಿ ಬಿದ್ದವಳನ್ನು ಅವರು ಎತ್ತಿ ಚಾಪೆಯ ಮೇಲೆ ಹಾಕಿದರು. ಬದುಕಿದಳು, ಅಲ್ಲೇ ಉಳಿದಳು. ಕಿಲಸ್ತಾನರ ಗಂಜಿ ಕುಡಿದವಳೆಂದು ಗಂಡನ ಊರಿನವರು ಬಾಗಿಲು ಹಾಕಿಕೊಂಡರು. ಹೊರಗೆ ಹಾಕುವಾಗ ಅವರಿಗೆ ಜಾತಿ ನೆನಪಾಗಿರಲಿಲ್ಲವೇ ಎಂದು ಯಾರೂ ಕೇಳಲಿಲ್ಲ.

ತಮ್ಮ ಜಾತಿಗೆ ಸೇರು ಎಂದು ಮದರು ಒಂದೇ ಒಂದು ಸಲ ಕೇಳಿದ್ದರು. “ನಮ್ಮನೆ ದ್ಯಾವ್ರು ನನ್ನ ಕೈಬುಟ್ರೂ ನಾನು ಬುಟ್ಟಿಲ್ಲ ಕಣವ್ವಾ” ಎಂದಿದ್ದಳು. ಮದರು ನಕ್ಕು ಸುಮ್ಮನಾದರು. ಆದರೆ ಒಂದು ಮಾತಿನಲ್ಲಿ ಅವರು ಕಲ್ಲು. ಬೇಲಿಯ ಒಳಗೆ ತಾಯತ, ನಿಂಬೆಹಣ್ಣು, ನಿವಾಳಿ ಯಾವುದೂ ಕೂಡದು. ಹಿಂದೆ ಗೇಟು ಕಾಯುತ್ತಿದ್ದ ನಾಗಯ್ಯ ಜ್ವರದ ಮಗುವೊಂದಕ್ಕೆ ಕದ್ದು ನಿವಾಳಿಸಿ ಕಾಯಿ ಒಡೆದದ್ದಕ್ಕೆ ಅವತ್ತೇ ಸಂಜೆ ಗಂಟುಮೂಟೆ ಕಟ್ಟಬೇಕಾಯಿತು. ಅವನ ಬೀಗದ ಕೈ ಬೆಳ್ಳಮ್ಮನ ಸೊಂಟಕ್ಕೆ ಬಂತು. ಈ ಗೇಟಿನಿಂದ ಹೊರಗೆ ಹಾಕಿದರೆ ತನಗೆ ಇನ್ನೊಂದು ಗೇಟಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಯುದ್ಧದ ಕಾಲ. ನಲವತ್ತಮೂರನೆಯ ಇಸವಿಯ ಶ್ರಾವಣದಲ್ಲಿ, ಒಂದು ಗುರುವಾರ, ಹೊನ್ನನಕೊಪ್ಪಲಿನ ಶಿವನಂಜಮ್ಮ ಬಂದಳು. ಎಂಟು ತಿಂಗಳ ಬಸುರಿ. ಎಲ್ಲರೂ ಹೋಗುವವರೆಗೆ ಬೇಲಿಯ ಪಕ್ಕ ಕೂತಿದ್ದು ಆಮೇಲೆ ಹತ್ತಿರ ಬಂದಳು.

“ಅಕ್ಕಾ, ನಾಕು ಎತ್ತೀನಿ, ನಾಕೂ ಮಣ್ಣಾಗವೆ. ಇದು ಅಯ್ದನೇದು.”

“ಗೊತ್ತು ಕಣವ್ವಾ. ಕೊನೇದಕ್ಕೆ ಗಂಜಿ ಕುಡಿಸ್ದೋಳು ನಾನೇ ಅಲ್ವಾ?”

“ಇದನ್ನ ನೀನು ಕೊಂಡ್ಕೊಬೇಕು.”

ಬೆಳ್ಳಮ್ಮನಿಗೆ ತಿಳಿಯಿತು. ಮಕ್ಕಳು ನಿಲ್ಲದ ಮನೆಯವರು ಹುಟ್ಟಿದ ಮಗುವನ್ನು ಮಾರುವುದು ಆ ಸೀಮೆಯಲ್ಲಿ ಹಳೆಯ ಪದ್ಧತಿ. ಮಗುವನ್ನು ಮೊರದಲ್ಲಿ ಮಲಗಿಸಿ ತಾಯಿ ತಿಪ್ಪೆಯ ಮೇಲಿಟ್ಟು ಹೋಗಬೇಕು, ಹಿಂತಿರುಗಿ ನೋಡಕೂಡದು. ಬೇರೆ ಮನೆಯವಳು ಮಗುವನ್ನು ಎತ್ತಿಕೊಂಡು ಬರಿದಾದ ಮೊರಕ್ಕೆ ಬೆಲೆಯಾಗಿ ತೌಡು ಸುರಿಯುತ್ತಾಳೆ. ಅಲ್ಲಿಗೆ ಮಗು ಅವಳದ್ದು. ಸಂಜೆಗೆ, ‘ನನ್ನ ಮಗುವನ್ನು ಸಾಕಿಕೊಡು’ ಎಂದು ಹೆತ್ತವಳ ಕೈಗೇ ಕೊಡುತ್ತಾಳೆ. ಹುಡುಕಿಕೊಂಡು ಬರುವ ಸಾವಿಗೆ ಆ ಮನೆಯ ಮಗು ಆ ಮನೆಯಲ್ಲಿಲ್ಲ.

“ತಿಪ್ಪೆ ಮ್ಯಾಲೆ ಇಡೋದಲ್ವಾ? ಇಲ್ಯಾಕೆ?” ಎಂದಳು ಬೆಳ್ಳಮ್ಮ.

“ಮೂರನೇದನ್ನ ತಿಪ್ಪೆ ಮ್ಯಾಲೇ ಇಟ್ಟೆ. ತಿಪ್ಪ ಅಂತ್ಲೇ ಕರುದ್ವಿ. ತಿಪ್ಪನೂ ಓದ. ನಮ್ಮೂರ್ ತಿಪ್ಪೆ, ನಮ್ಮೂರ್ ಜನ, ಎಲ್ಲ ಅದ್ಕೆ ಗೊತ್ತು. ಇದು ಬ್ಯಾರೆ ದ್ಯಾವ್ರ ಮನೆ. ಇಲ್ಲಿಗೆ ಅದು ಬರಾಕಿಲ್ಲ. ಬಂದ್ರೂ ನಿನ್ನ ಕಡೀಕೆ ನೋಡಾಕಿಲ್ಲ. ನಿಂಗೆ ಮಕ್ಳಿಲ್ಲ ಅಂತ ಅದ್ಕೂ ಗೊತ್ತಲ್ವಾ?”

ಮಾತು ಒರಟಾಗಿತ್ತು. ಆದರೆ ಬಂಜೆ, ಅದರ ಮೇಲೆ ಮುಂಡೆ ಎಂದು ತೊಟ್ಟಿಲ ಹತ್ತಿರಕ್ಕೂ ಯಾರೂ ಕರೆಯದಿದ್ದ ಬೆಳ್ಳಮ್ಮನನ್ನು ಮೊದಲ ಬಾರಿಗೆ ಒಬ್ಬಳು ನೀನೇ ಬೇಕು ಎಂದು ಕೇಳಿದ್ದಳು. ಮದರ ಕಟ್ಟಳೆ ನೆನಪಾಗದೆ ಇರಲಿಲ್ಲ. ಮದರು ಎದ್ದು ಪ್ರಾರ್ಥನೆಗೆ ಹೋಗುವ ಹೊತ್ತು, ಗೇಟಿನ ಹತ್ತಿರ ತನ್ನನ್ನು ಬಿಟ್ಟು ಯಾರೂ ಇರುವುದಿಲ್ಲ ಎಂದುಕೊಂಡು ಒಪ್ಪಿದಳು. ಮಗು ಹುಟ್ಟಿದ ಇಪ್ಪತ್ತೊಂದನೆಯ ದಿನ, ಬೆಳಗಿನ ಪ್ರಾರ್ಥನೆಯ ಗಂಟೆಗೆ ಎಂದು ಮಾತಾಯಿತು.

ಗಂಡು ಮಗು ಹುಟ್ಟಿತು. ಇಪ್ಪತ್ತೊಂದನೆಯ ದಿನ ಸೋಮವಾರ ಬಂತು. ಭಾನುವಾರ ಸಂಜೆ ಮದರು ಬೆಳ್ಳಮ್ಮನನ್ನು ಕರೆದು, ಮದ್ದೂರು ಸ್ಟೇಷನ್ನಿಗೆ ಹಾಲಿನ ಪುಡಿಯ ಡಬ್ಬಿಗಳು ಬಂದಿವೆ, ನಾಳೆ ಮೊದಲ ಬಸ್ಸಿಗೆ ಹೋಗಿ ಬಿಡಿಸಿಕೊಂಡು ಬಾ ಎಂದರು. ನಾಳೆ ಆಗುವುದಿಲ್ಲ ಎನ್ನಬಹುದಿತ್ತು. ಯಾಕೆ ಎಂದರೆ ಏನು ಹೇಳುವುದು? ಕೊಪ್ಪಲಿಗೆ ಹೇಳಿ ಕಳಿಸೋಣವೆಂದರೆ ಕತ್ತಲಾಗುತ್ತಿತ್ತು. ಬೆಳಗ್ಗೆ ಏಳುವಾಗಲೂ ಅವಳು ಮದರಿಗೆ ಹೇಳಿಯೇಬಿಡಬೇಕು ಎಂದುಕೊಂಡಳು. ಬಸ್ಸು ಹತ್ತುವಾಗಲೂ ಅಂದುಕೊಳ್ಳುತ್ತಲೇ ಇದ್ದಳು.

ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲೊಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ ಅದು. ಹೋಗುವಾಗ ಹೇಗೋ ಹೋಯಿತು. ಬರುವಾಗ ನಡುದಾರಿಯಲ್ಲಿ ಕೂತದ್ದು ಏಳಲಿಲ್ಲ. ಡಬ್ಬಿಗಳನ್ನು ಬಿಟ್ಟು ನಡೆಯುವಂತಿಲ್ಲ. ಬೆಳ್ಳಮ್ಮ ಮಳವಳ್ಳಿ ಸೇರಿದ್ದು ಮಂಗಳವಾರ ಮಧ್ಯಾಹ್ನ.

ಗೇಟಿನ ಒಳಗೆ ಬರಿಯ ಮೊರ ಗೋಡೆಗೆ ಒರಗಿಸಿತ್ತು.

“ಒಂದು ಮಗು ಸಿಕ್ಕಿತು ನೋಡಿ” ಎಂದು ಸಣ್ಣ ಸಿಸ್ಟರು ಓಡಿ ಬಂದಳು. ಆಕೆ ಮಂಗಳೂರು ಕಡೆಯವಳು, ಬಂದು ಎರಡು ತಿಂಗಳಾಗಿತ್ತು. “ಗೇಟಿನ ಹತ್ತಿರ ಬಿಟ್ಟು ಹೋಗುತ್ತಾ ಇದ್ದಳು. ನಿಲ್ಲಿ ನಿಲ್ಲಿ ಎಂದು ಮೂರು ಸಲ ಕೂಗಿದೆ. ತಿರುಗಿ ಕೂಡ ನೋಡಲಿಲ್ಲ! ಎಂಥ ಕಲ್ಲುಮನಸ್ಸು ಆಕೆಯದು. ಮಗುವಿನ ಮೈ ಕೆಂಡದ ಹಾಗೆ ಸುಡುತ್ತಿತ್ತು. ಮದರು ಕೂಡಲೇ ದೀಕ್ಷಾಸ್ನಾನ ಮಾಡಿಸಿದರು. ಮಧ್ಯಾಹ್ನ ಮೈಸೂರಿನಿಂದ ಫಾದರ್ ಬಂದರು, ಅವರ ಕಾರಿನಲ್ಲೇ ಅಲ್ಲಿಯ ಅನಾಥ ಶಿಶುಗಳ ಮನೆಗೆ ಕಳಿಸಿದೆವು.”

ಸಿಸ್ಟರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಹೇಗೆ? ಸುಡುವ ಮಗುವನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ. ಶಿವನಂಜಮ್ಮನದೂ ತಪ್ಪಲ್ಲ, ತಿರುಗಿ ನೋಡಿದ್ದರೆ ಮಾರಾಟ ಮುರಿಯುತ್ತಿತ್ತು. ತಪ್ಪು ಯಾರದೆಂದು ಬೆಳ್ಳಮ್ಮನಿಗೆ ಆಗಲೇ ಗೊತ್ತಿತ್ತು. ಆಗಲೇ ಮದರ ಕಾಲು ಹಿಡಿದು ಹೇಳಿದ್ದರೆ ಬುಧವಾರದ ಬಸ್ಸಿಗೆ ಯಾರಾದರೂ ಮೈಸೂರಿಗೆ ಹೋಗುತ್ತಿದ್ದರು. ಹೇಳಲಿಲ್ಲ. ನಾಗಯ್ಯನ ಗಂಟುಮೂಟೆ ಕಣ್ಣಮುಂದೆ ಬಂತು. ಹೇಳುವ ಬದಲು ಅವಳು ಇನ್ನೊಂದು ಕೆಲಸ ಮಾಡಿದಳು. ಕೊಟ್ಟಿಗೆಗೆ ಹೋಗಿ ಕರುವಿಗೆ ಇಟ್ಟಿದ್ದ ತೌಡನ್ನು ಬೊಗಸೆಯಲ್ಲಿ ತಂದು ಮೊರಕ್ಕೆ ಸುರಿದಳು. ಕೊಪ್ಪಲಿನಿಂದ ಮೊಸರು ಮಾರಲು ಬರುವ ಹೆಂಗಸಿನ ತಲೆಯ ಮೇಲೆ ಅದನ್ನಿಟ್ಟು, “ಶಿವನಂಜಿಗೆ ಕೊಡು. ಕೂಸು ನನ್ನತ್ರ ಅದೆ, ನಾಕು ದಿನ ತಡದು ತತ್ತೀನಿ ಅಂತ ಯೋಳು” ಎಂದು ಕಳಿಸಿದಳು.

ನಾಲ್ಕು ದಿನದಲ್ಲಿ ಏನಾದೀತು ಎಂದು ಅವಳು ನಂಬಿದ್ದಳೋ ದೇವರೇ ಬಲ್ಲ. ಭಯಬಿದ್ದವರ ಲೆಕ್ಕ ಹಾಗೆಯೇ, ನಾಳೆಯನ್ನು ದಾಟಿದರೆ ಸಾಕು.

ನಾಲ್ಕು ದಿನ ತುಂಬುವ ಮೊದಲೇ, ಆ ಗುರುವಾರವೇ, ಶಿವನಂಜಮ್ಮನ ಗಂಡ ಅಂಕಯ್ಯ ಬಂದ. ಮೆತ್ತಗಿನ ಮನುಷ್ಯ. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಹೆಂಗಸರ ಮಾತು ಹೇಗೆ ಆಡುವುದೆಂದು ತಿಳಿಯದೆ ನಿಂತ.

“ಅಕ್ಕಾ, ನೀನು ಕರೆಯೋಗಂಟ ಅವ್ಳು ಬರಂಗಿಲ್ಲವಂತೆ. ಅದ್ಕೇ ನಾನು ಬಂದೆ. ಆಲು ಕಟ್ಕಂಡು ಎದೆ ಕಲ್ಲಾಗಬುಟ್ಟದೆ ಅವ್ಳಿಗೆ. ರಾತ್ರಿಯೆಲ್ಲ ನರಳ್ತಾಳೆ. ಕೂಸ ಯಾವಾಗ ಕೊಟ್ಟೀಯೆ?”

ಬೆಳ್ಳಮ್ಮ ಅವನನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಮದರ ಪಾದದ ಮೇಲೆ ಬಿದ್ದಳು. ಮೊದಲಿನಿಂದ ಕೊನೆಯವರೆಗೆ ಹೇಳಿದಳು, ತೌಡನ್ನೂ ಬಿಡಲಿಲ್ಲ. ಮದರಿಗೆ ಅಂದು ಚಳಿಜ್ವರ, ಕಂಬಳಿ ಹೊದ್ದು ಕೂತಿದ್ದರು.

“ನನಗೆ ಹೆದರಿ ನೀನು ಸುಮ್ಮನಿದ್ದೆಯಾ?” ಎಂದರು.

“ಊನವ್ವಾ.”

“ಹಾಗಾದರೆ ನನ್ನದೂ ಪಾಪ” ಎಂದು ಕಾಗದ ಪೆನ್ನು ತರಿಸಿ, ಕೂತಲ್ಲೇ ಮೈಸೂರಿಗೆ ಪತ್ರ ಬರೆದರು. ಬೆಳ್ಳಮ್ಮನನ್ನು ಹೊರಗೆ ಹಾಕಲಿಲ್ಲ. ಹಾಕಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ. ಹೊರಗೆ ಬಂದು ಅಂಕಯ್ಯನಿಗೆ, ಕೂಸಿಗೆ ಜ್ವರ ಜೋರಾಗಿ ಮೈಸೂರಿನ ಆಸ್ಪತ್ರೆಗೆ ಕಳಿಸಿದ್ದಾರೆ, ವಾಸಿಯಾದ ಮೇಲೆ ಕರೆತರುತ್ತೇವೆ ಎಂದಳು. ಅದು ಮುಕ್ಕಾಲು ನಿಜ.

ಮಗುವಿನ ಜ್ವರ ಇಳಿಯುವವರೆಗೆ ಅಲ್ಲಿಂದ ಉತ್ತರ ಬರಲಿಲ್ಲ, ಒಂದು ತಿಂಗಳು ಹಿಡಿಯಿತು. ಮಗು ಸಾಯುವ ಹಾಗಾಗಿ ಉಳಿದಿದೆ, ಈಗ ಹಾಲು ಕುಡಿಯುತ್ತಿದೆ, ತಾಯಿ ಬಂದು ಕರೆದೊಯ್ಯಬಹುದು ಎಂದಿತ್ತು. ಅಷ್ಟರಲ್ಲಿ ಶಿವನಂಜಮ್ಮನ ಎದೆಯ ಹಾಲು ಬತ್ತಿತ್ತು. ಬೆಳ್ಳಮ್ಮ ಅವಳನ್ನು ಕರೆದುಕೊಂಡು ಬನ್ನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಮೈಸೂರಿಗೆ ಹೊರಟಳು. ದಾರಿಯಲ್ಲಿ ಎಲ್ಲವನ್ನೂ ಹೇಳಿ ಬೈಗುಳಕ್ಕೆ ಕಾದಳು. ಶಿವನಂಜಮ್ಮ ಬೈಯಲಿಲ್ಲ. “ಬದುಕವ್ನಲ್ಲ” ಎಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ನಿಜವಾಗ್ಲೂ ಬದುಕವ್ನಾ?” ಎಂದಳು.

ಮೈಸೂರಿನ ಆ ಮನೆಯ ಉದ್ದನೆಯ ಹಜಾರದಲ್ಲಿ ಎರಡು ಸಾಲು ತೊಟ್ಟಿಲು, ಪ್ರತಿಯೊಂದಕ್ಕೂ ಸೊಳ್ಳೆಪರದೆ. ಕಿಟಕಿಯ ಹತ್ತಿರದ ತೊಟ್ಟಿಲನ್ನು ಅಲ್ಲಿಯ ಸಿಸ್ಟರು ತೋರಿಸಿದರು. ಮಗು ಕೆನ್ನೆ ತುಂಬಿಕೊಂಡು, ತನ್ನ ಮುಷ್ಟಿಯನ್ನು ತಾನೇ ಚೀಪುತ್ತಾ ಮಲಗಿತ್ತು. ಶಿವನಂಜಮ್ಮ ಬಾಗಿಲ ಹೊಸಿಲಿನ ಮೇಲೆಯೇ ನಿಂತಳು.

“ಓಗವ್ವಾ, ಎತ್ಕೋ” ಎಂದಳು ಬೆಳ್ಳಮ್ಮ.

“ಅಕ್ಕಾ, ಇಲ್ಲಿ ವರ್ಸಕ್ಕೆ ಎಸ್ಟು ಕೂಸು ಸತ್ತವೆ? ಆಯಮ್ಮನ್ನ ಕೇಳು.”

“ಅದ್ಯಾಕೇ ಈಗ?”

“ಕೇಳಕ್ಕಾ.”

ಬೆಳ್ಳಮ್ಮ ಕೇಳಿದಳು. ಸಿಸ್ಟರು ಮುಚ್ಚುಮರೆ ಮಾಡಲಿಲ್ಲ. ಈ ವರ್ಷ ಇಪ್ಪತ್ತು ಮಕ್ಕಳು ಬಂದಿದ್ದವು, ಎಂಟನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದರು. ಬೆಳ್ಳಮ್ಮ ಅದನ್ನು ಹಾಗೆಯೇ ದಾಟಿಸಿದಳು. ಕೇಳಿ ಹೆದರುತ್ತಾಳೆ, ಬೇಗ ಎತ್ತಿಕೊಳ್ಳುತ್ತಾಳೆ ಎಂದು ಅವಳೆಣಿಕೆ.

ಶಿವನಂಜಮ್ಮ ಬೆರಳು ಮಡಿಸುತ್ತಾ ನಿಂತಳು. “ಅಂಗಾರೆ ಅನ್ನೆಲ್ಡು ಉಳ್ದವೆ. ನಂದು ನಾಕಕ್ಕೆ ನಾಕೂ ಓದ್ವು.”

“ಅಯ್ಯೋ, ಅದೂ ಒಂದು ಲೆಕ್ಕವೇನೇ? ಎತ್ಕೊಂಡು ಬಾ, ಬಸ್ಸು ಓಯ್ತದೆ.”

“ನೀನು ತೌಡು ಕಳುಸ್ದೆಯಲ್ಲ, ನಾನು ಈಸ್ಕೊಂಡೆ. ಯಾಪಾರ ಮುಗೀತು. ಈಗ ನಾನು ಎತ್ಕೊಂಡೋದ್ರೆ ಅದ್ಕೆ ಮತ್ತೆ ಗುರ್ತು ಸಿಕ್ತದೆ. ಆ ಮನೇಲಿ ಪರದೆ ಅದಾ? ಆಲದಾ ನನ್ನತ್ರ? ಅವ್ನು ಇಲ್ಲೇ ಇರ್ಲಿ.”

ಬೆಳ್ಳಮ್ಮ ಅವಳ ರಟ್ಟೆ ಹಿಡಿದು ಎಳೆದಳು, ಬೈದಳು, ಕೊನೆಗೆ ಅತ್ತಳು. ತೌಡು ಸುರಿದದ್ದು ಪದ್ಧತಿಗಲ್ಲ, ತನ್ನ ಹೆದರಿಕೆಗೆ ಎಂದಳು. ಶಿವನಂಜಮ್ಮ ಜಗ್ಗಲಿಲ್ಲ. ಒಂದು ಸಲ ಮುಟ್ಟಿಯಾದರೂ ಬಾ ಎಂದರೆ, “ಮುಟ್ಟುದ್ರೆ ಬುಡಕ್ಕಾಗಾಕಿಲ್ಲ ಕಣಕ್ಕಾ” ಎಂದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಕಾಲು ಮಾತ್ರ ಹೊಸಿಲು ದಾಟಲಿಲ್ಲ. ಅಲ್ಲಿಯ ಸಿಸ್ಟರು ಏನೆಂದು ಕೇಳಿದಾಗ, ಸಾಕುವ ಶಕ್ತಿ ಇಲ್ಲವಂತೆ ಎಂದು ಬೆಳ್ಳಮ್ಮ ಹೇಳಿದಳು. ಕಾಗದದಲ್ಲಿ ಮೊದಲೇ ‘ಬಿಟ್ಟುಹೋದ ಮಗು’ ಎಂದು ಬರೆದಿತ್ತು. ತಿದ್ದುವ ಕೆಲಸ ಬೀಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಬನ್ನೂರು ದಾಟಿದ ಮೇಲೆ ಶಿವನಂಜಮ್ಮ ಬಾಯಿ ಬಿಟ್ಟಳು.

“ಅವ್ರಪ್ಪಂಗೆ ಬದುಕವ್ನೆ ಅಂದ್ರೆ ನಾಳೀಕೇ ಓಗಿ ಎತ್ಕೊಂಡು ಬತ್ತಾನೆ. ನಮ್ಮ ಕೂಸು ಕಿಲಸ್ತಾನರ ಮನೇಲಿ ಬೆಳೀಬೇಕಾ ಅಂತ ಊರೋರೂ ಕುಣೀತಾರೆ. ಸತ್ತೋದ ಅನ್ನಬೇಕು.”

“ಸಿವಸಿವಾ! ಬದುಕಿರೋ ಮಗನ್ನ...”

“ನನ್ನ ಬಾಯಲ್ಲಿ ಬರಬಾರ್ದು. ಎತ್ತೋಳು ಅಂದ್ರೆ ತಗಲ್ತದೆ. ನೀನು ಯೋಳು.”

“ನಾನೂ ಕೊಂಡ್ಕೊಂಡೋಳಲ್ವೇನೇ? ನಾನಂದ್ರೆ ತಗಲಾಕಿಲ್ವಾ?”

ಶಿವನಂಜಮ್ಮ ಅವಳ ಕೈ ಹಿಡಿದುಕೊಂಡಳು. ಮಳವಳ್ಳಿ ಬರುವವರೆಗೂ ಬಿಡಲಿಲ್ಲ.

ಮರುದಿನ ಬೆಳಗ್ಗೆ ಇಬ್ಬರೂ ಕೊಪ್ಪಲಿಗೆ ನಡೆದರು. ಅಂಕಯ್ಯ ಕೊಟ್ಟಿಗೆಯ ಮುಂದೆ ಕತ್ತಾಳೆ ಹಗ್ಗ ಹೊಸೆಯುತ್ತಿದ್ದ. ಹೆಂಡತಿಯ ಬರಿಗೈ ನೋಡಿದ. ಶಿವನಂಜಮ್ಮ ಅವನನ್ನು ಹಾದು ಸೀದಾ ಒಳಗೆ ಹೋದಳು. ಬೆಳ್ಳಮ್ಮ ನಿಂತಳು. ಐದು ದಿನ ಹೇಳಬೇಕಾದ ನಿಜವನ್ನು ಹೇಳಲಾರದ ನಾಲಿಗೆ ಈಗ ಸುಳ್ಳನ್ನು ಒಂದೇ ಏಟಿಗೆ ಹೇಳಿತು.

“ಉಳೀನಿಲ್ಲ ಕಣಪ್ಪಾ.”

ಅಂಕಯ್ಯ ಹಗ್ಗವನ್ನು ಕೆಳಗಿಡಲಿಲ್ಲ. ಇನ್ನೆರಡು ಸುತ್ತು ಹೊಸೆದ. ಆಮೇಲೆ ಕೇಳಿದ.

“ಯಾರು ಗುಂಡಿ ತೋಡುದ್ರು? ನಾಕಕ್ಕೂ ನಾನೇ ತೋಡಿದ್ದೆ.”

“ಅವ್ರೇ ತೋಡುದ್ರು.”

“ಆಳವಾಗಿ ತೋಡುದ್ರಾ?”

“ಊಂ. ಆಳುದ್ದ.”

“ಅವ್ರು ಪೆಟ್ಟಿಗೇಲಿ ಇಡ್ತಾರಂತಲ್ಲ. ನಮ್ಮ ಕೂಸ್ನೂ ಇಟ್ರಾ?”

ಬೆಳ್ಳಮ್ಮನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. “ಇಟ್ರು ಕಣಪ್ಪಾ” ಎಂದಳು.

“ಮರದ್ದಾ?”

“ಮರದ್ದೇ. ಒಸಾದು.”

ಅಂಕಯ್ಯ ಉಸಿರು ಬಿಟ್ಟ. ಅವನ ಮುಖದಲ್ಲಿ ಒಂದು ನೆಮ್ಮದಿ ಬಂದದ್ದನ್ನು ಅವಳು ಕಣ್ಣಾರೆ ನೋಡಿದಳು. “ಒಳ್ಳೇದಾಯ್ತು ಬುಡು” ಎಂದ. “ತಿಪ್ಪನ್ನ ನರಿ ಎಳ್ದಿತ್ತು. ಎಲ್ಡು ದಪ ಮುಚ್ಚಿದ್ದೆ. ಅವ್ಳಿಗೆ ಯೋಳಿಲ್ಲ ನಾನು. ಇದ್ಕೊಂದು ಪೆಟ್ಗೆಯಾರಾ ಆಯ್ತು.”

ಬೆಳ್ಳಮ್ಮ ನೀರನ್ನೂ ಕೇಳದೆ ಹೊರಟು ಬಂದಳು.

ಮುಂದಿನ ಗುರುವಾರ ಸಾಲು ಕರಗುವ ಹೊತ್ತಿಗೆ ಅಂಕಯ್ಯ ಹಿತ್ತಲಿನ ಬಾಳೆಗೊನೆಯೊಂದನ್ನು ಹೆಗಲ ಮೇಲೆ ಹೊತ್ತು ಬಂದ. ಗೇಟಿನ ಒಳಗೆ ಮೆಲ್ಲಗೆ ಇಳಿಸಿ, “ಪೆಟ್ಗೆ ಕೊಟ್ರಲ್ಲ, ಆ ಅಮ್ಮಾರ್ಗೆ” ಎಂದು ಬೆಳ್ಳಮ್ಮನಿಗೆ ಹೇಳಿ ಬೇಲಿಯ ಪಕ್ಕ ನಿಂತ.

ಜಗುಲಿಯ ಮೇಲಿದ್ದ ಮದರು ಅವಳನ್ನು ಹತ್ತಿರ ಕರೆದರು. “ಆ ಮಗುವಿನ ತಂದೆಯಲ್ಲವೇ ಅವನು? ಏನು ಹೇಳುತ್ತಾನೆ?”

ಬೆಳ್ಳಮ್ಮ ಒಮ್ಮೆ ಅವನ ಕಡೆ ನೋಡಿದಳು. “ಮಗ ಚೆನ್ನಾಗಿದ್ದಾನಲ್ಲ, ಅದಕ್ಕೆ ತಂದಿದ್ದಾನಂತೆ” ಎಂದು ಮೆಲುದನಿಯಲ್ಲಿ ದಾಟಿಸಿದಳು.

ಮದರಿಗೆ ಬಹಳ ಸಂತೋಷವಾಯಿತು. ಎದ್ದು ನಿಂತು ಅಂಕಯ್ಯನ ಕಡೆಗೆ ತಿರುಗಿ, ನಮ್ಮವರ ಹಾಗೆಯೇ ಎರಡೂ ಕೈ ಜೋಡಿಸಿದರು. ಅಂಕಯ್ಯ ತಲೆಯ ವಸ್ತ್ರ ತೆಗೆದು, ಬಗ್ಗಿ ಅವರಿಗೆ ಕೈ ಮುಗಿದ.